ಹುಣಸೆಹುಳಿ, ಒಲೆಬೂದಿ ಮತ್ತು ನಮ್ಮಜ್ಜಿಯ ತಂಬಿಗೆ

ನಮ್ಮಜ್ಜಿ ಹತ್ತಿರ ಒಂದೇ ಒಂದು ಹಿತ್ತಾಳೆ ತಂಬಿಗೆ ಇತ್ತು. ಮದುವೆಯಲ್ಲಿ ತವರಿನಿಂದ ಬಂದದ್ದು. ಮಿಕ್ಕಿದ್ದೆಲ್ಲ ಮಣ್ಣಿನ ಮಡಕೆ ಕುಡಿಕೆ, ಆಮೇಲಾಮೇಲೆ ಸಂತೆಯಲ್ಲಿ ತಂದ ಸಿಲ್ವಾರದ ತಟ್ಟೆ. ಮಾರಿಹಬ್ಬದ ಹಿಂದಿನ ದಿನ ಆಕೆ ಗೂಡಿನಿಂದ ತಂಬಿಗೆ ಇಳಿಸಿ ಬಾಗಿಲಲ್ಲಿ ಕೂರುತ್ತಿದ್ದಳು. ಮುಂದೆ ಒಂದು ಹಿಡಿ ಒಲೆಬೂದಿ, ಸಾರಿಗೆ ಹಿಂಡಿ ಉಳಿದ ಹುಣಸೆ ಹಿಪ್ಪೆ, ಚಿಟಿಕೆ ಉಪ್ಪು, ತೆಂಗಿನ ನಾರು. ಮೊದಲು ಬೂದಿ ಹಾಕಿ ತಿಕ್ಕಿ ತೊಳೆದು, ಆಮೇಲೆ ಹುಳಿ ಉಪ್ಪು ಹಾಕಿ ಉಜ್ಜಿದರೆ ಕಪ್ಪಿಟ್ಟ ತಂಬಿಗೆ ಅರ್ಧ ಗಂಟೆಯಲ್ಲಿ ಹೊಸದಾಗಿಬಿಡುತ್ತಿತ್ತು. ನಾವು ಮಕ್ಕಳು ಅದರ ಹೊಟ್ಟೆಯಲ್ಲಿ ನಮ್ಮ ಸೊಟ್ಟ ಮುಖ ನೋಡಿಕೊಂಡು ನಗುತ್ತಿದ್ದೆವು.

ಇದೇ ಅಜ್ಜಿ ಬೇಸಿಗೆ ಬಂತೆಂದರೆ ಹುಣಸೆ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ತಾತ ಜೀತಕ್ಕಿದ್ದ ಮನೆಗೇ. ಗಂಡಸರು ಮರ ಹತ್ತಿ ಬಡಿದು ಉದುರಿಸುವುದು, ಹೆಂಗಸರು ಆರಿಸಿ, ಬಿಸಿಲಿಗೆ ಹರವಿ, ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸುವುದು. ವಾರಗಟ್ಟಲೆ ಅದೇ ಕೆಲಸ. ಹುಳಿಗೆ ಬೆರಳ ಸಂದಿಯೆಲ್ಲ ಸುಲಿದು ಅನ್ನ ಕಲಸಲಿಕ್ಕೂ ಉರಿಯುತ್ತಿತ್ತಂತೆ. ಹಾಗೆ ಬಿಡಿಸಿದ ಹಣ್ಣು ಉಪ್ಪು ಬೆರೆಸಿಕೊಂಡು ಆ ಮನೆಯ ಗುಡಾಣ ಸೇರುತ್ತಿತ್ತು. ವರ್ಷವಿಡೀ ಅವರ ಸಾರಿಗೆ ಅದೇ ಹುಳಿ. ಹಳತಾಗಿ ಕಪ್ಪಾದದ್ದು ದೇವರ ಮನೆಯ ದೀಪ, ಹರಿವಾಣ, ತಂಬಿಗೆ ಬೆಳಗಲಿಕ್ಕೆ. ಅಂದರೆ ನಮ್ಮಜ್ಜಿಯ ಹತ್ತು ಬೆರಳೂ ಆಡಿದ ಹುಣಸೆ ನೇರವಾಗಿ ದೇವರ ಮನೆಗೆ ಹೋಗುತ್ತಿತ್ತು. ಅಜ್ಜಿ ಮಾತ್ರ ಕೊಟ್ಟಿಗೆಯಲ್ಲೇ ನಿಲ್ಲಬೇಕು. ಆ ಕೊಟ್ಟಿಗೆಯ ಗೋಡೆಯ ಸಂದಿಯಲ್ಲಿ ಅವಳ ತಟ್ಟೆ ಸಿಕ್ಕಿಸಿರುತ್ತಿತ್ತು. ಮಧ್ಯಾಹ್ನ ಮೇಲಿನಿಂದ ಮುದ್ದೆ ಬಿಡುತ್ತಿದ್ದರು. ಉಂಡಾದ ಮೇಲೆ ಅವಳೇ ಬೂದಿ ಹಾಕಿ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಿ ಬರಬೇಕು. ಎಷ್ಟು ತಿಕ್ಕಿದರೂ ಆ ತಟ್ಟೆ ಒಳಕ್ಕೆ ಹೋಗುವ ಹಾಗಿರಲಿಲ್ಲ.

"ಹುಣಸೇಹಣ್ಣು ಒಳಕ್ಕೆ ಹೋಯ್ತಿತ್ತಲ್ಲ, ತಟ್ಟೆ ಯಾಕಜ್ಜಿ ಹೋಗ್ತಿರ್ಲಿಲ್ಲ?" ಅಂತ ನಾನು ಹೈಸ್ಕೂಲಿನಲ್ಲಿದ್ದಾಗ ಕೇಳಿದ್ದೆ. "ಹುಳಿಗೇನ್ ಗೊತ್ತಾದದು ಮಗಾ, ಅದು ಎಲ್ಲಾರ್ ಪಾತ್ರೇನೂ ಬೆಳಗ್ತದೆ. ಜನಕ್ಕೆ ಗೊತ್ತು" ಅಂದಿದ್ದಳು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಂದ ನಾನು ಆಕೆಯ ಮಾತಿನ ಹಿಂದೆ ಬಿದ್ದು ಪುಸ್ತಕ ತಿರುವುತ್ತ ಹೋದೆ. ಆಗ ಕಂಡದ್ದನ್ನು ಗೆಳೆಯರ ಮುಂದೆ, ಅದರಲ್ಲೂ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳ ಮುಂದೆ ಇಡುತ್ತಿದ್ದೇನೆ. ಇದು ಪಾತ್ರೆ ತೊಳೆಯುವುದರ ಚರಿತ್ರೆ. ನಗಬೇಡಿ. ಈ ದೇಶದಲ್ಲಿ ಮನುಷ್ಯರನ್ನು ಅಳೆದದ್ದು ಪಾತ್ರೆಯಿಂದಲೇ.

*

ಮೊದಲು ಕೊಳೆಯ ಮಾತು. ಅಜ್ಜಿಯ ಕೈಯಲ್ಲಿದ್ದ ಸಾಮಾನೆಲ್ಲ ಅಡುಗೆಮನೆಯದೇ. ಅದು ಹೇಗೆ ಕೆಲಸ ಮಾಡುತ್ತದೆ?

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಗಾಳಿ, ತೇವ, ಕೈಬೆವರು ತಗುಲಿ ಅದರ ಮೈಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆ ಪೊರೆಯನ್ನು ಕರಗಿಸುತ್ತದೆ. ಉಪ್ಪು ಬಿದ್ದರೆ ಕೆಲಸ ಇನ್ನೂ ಬೇಗ. ನಿಂಬೆಹಣ್ಣಿನ ಸಿಪ್ಪೆ, ಹುಳಿ ಮಜ್ಜಿಗೆ ಮಾಡುವುದೂ ಇದನ್ನೇ. ಅವುಗಳ ಆಮ್ಲ ಬೇರೆ, ಗುಣ ಒಂದು. ಆದರೆ ಹುಳಿ ಹಚ್ಚಿ ಹಾಗೇ ಬಿಡಬಾರದು. ಬಿಟ್ಟರೆ ಅದು ಲೋಹವನ್ನೇ ತಿಂದು ಹಸಿರು ಕಿಲುಬು ಏಳುತ್ತದೆ. ಕಿಲುಬು ಹೊಟ್ಟೆಗೆ ಹೋದರೆ ವಾಂತಿ. ಅದಕ್ಕೇ ಹುಳಿ ಪದಾರ್ಥ ಬೇಯಿಸುವ ಹಿತ್ತಾಳೆ ಪಾತ್ರೆಗೆ ಒಳಗಡೆ ಕಲಾಯಿ ಹಾಕಿಸಬೇಕು. ಬೀದಿ ಬೀದಿಯಲ್ಲಿ ತಿದಿ ಒತ್ತುತ್ತ, ನವಸಾಗರದ ಹೊಗೆ ಕುಡಿಯುತ್ತ, ತವರ ಬಳಿಯುತ್ತಿದ್ದ ಕಲಾಯಿಯವರು ಹೆಚ್ಚಾಗಿ ಬಡ ಮುಸಲ್ಮಾನರು. ಅವರ ಹೆಸರನ್ನೂ ಯಾವ ಚರಿತ್ರೆಯೂ ಬರೆದುಕೊಂಡಿಲ್ಲ.

ಬೂದಿಯದು ಇನ್ನೊಂದು ದಾರಿ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಇರುತ್ತದೆ. ಅದು ಜಿಡ್ಡಿನ ಜೊತೆ ಸೇರಿದರೆ ಜಿಡ್ಡು ನೀರಿಗೆ ಬಿಟ್ಟುಕೊಳ್ಳುತ್ತದೆ. ಸೋಪು ಹುಟ್ಟಿದ್ದೂ ಹೀಗೆಯೇ, ಕೊಬ್ಬು ಮತ್ತು ಕ್ಷಾರ ಕೂಡಿ. ಬೂದಿಯ ಸಣ್ಣ ತರಿ ತಳದ ಮಸಿಯನ್ನು ಕೆರೆಯುತ್ತದೆ. ಅಜ್ಜಿ ಬೂದಿಯನ್ನೂ ಹುಳಿಯನ್ನೂ ಒಟ್ಟಿಗೆ ಕಲಸುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಕಲಸಿದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಮುರಿದುಕೊಳ್ಳುತ್ತವೆ, ತರಿಯೊಂದೇ ಉಳಿಯುತ್ತದೆ. ಜಿಡ್ಡಿಗೆ ಮೊದಲು ಬೂದಿ, ತೊಳೆದ ಮೇಲೆ ಕಪ್ಪಿಗೆ ಹುಳಿ. ಈ ಕ್ರಮವನ್ನು ಆಕೆ ಯಾವ ಲ್ಯಾಬಿನಲ್ಲೂ ಕಲಿತವಳಲ್ಲ.

ಸೀಗೆಕಾಯಿ, ಅಂಟುವಾಳ ನೊರೆ ಬರುವುದು ಅವುಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತುವಿನಿಂದ. ರೇಷ್ಮೆ, ಉಣ್ಣೆಗೆ ಅಂಟುವಾಳದ ನೊರೆ ಮೆತ್ತಗೆ. ಬಟ್ಟೆಯ ಹಟಮಾರಿ ಕೊಳೆಗೆ ಅಗಸರು ಚೌಳು ಮಣ್ಣು ಹಾಕಿ ಉಬ್ಬೆಗೆ ಇಡುತ್ತಿದ್ದರು. ಒಗೆದ ಸೀರೆಗೆ ಅನ್ನದ ಗಂಜಿ. ಮಣ್ಣಿನ ಮಡಕೆಗೆ ಬೂದಿ, ಬಿಸಿನೀರು, ಬಿಸಿಲು. ಸೌದೆ ಒಲೆಗೆ ಇಡುವ ಪಾತ್ರೆಯ ತಳಕ್ಕೆ ಮೊದಲೇ ಬೂದಿ ನೀರು ಬಳಿದರೆ ಮಸಿ ಆಮೇಲೆ ಸುಲಭಕ್ಕೆ ಬಿಟ್ಟುಕೊಳ್ಳುತ್ತದೆ. ಸಿಲ್ವಾರಕ್ಕೆ ಮಾತ್ರ ವಾಷಿಂಗ್ ಸೋಡಾ ಹಾಕಬಾರದು, ಕಪ್ಪಾಗಿ ತೂತು ಬೀಳುತ್ತದೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪುಸ್ತಕ ಹಿಡಿದಾಗ ನನಗೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಟಾರ್ಟಾರಿಕ್ ಆಮ್ಲವನ್ನು 1769ರಲ್ಲಿ ಬೇರ್ಪಡಿಸಿದವನು ಷೀಲೆ. ಪೊಟ್ಯಾಸಿಯಂ ಲೋಹವನ್ನು 1807ರಲ್ಲಿ ಬೇರ್ಪಡಿಸಿದವನು ಹಂಫ್ರಿ ಡೇವಿ. ಅವನು ಇಟ್ಟ ಹೆಸರಿನ ಮೂಲ ಇಂಗ್ಲಿಷಿನ 'ಪಾಟ್ ಆಷ್', ಅಂದರೆ ಮಡಕೆಯ ಬೂದಿ. ಆ ಧಾತುವಿಗೆ ಬರೆಯುವ 'ಕೆ' ಅಕ್ಷರವೂ 'ಆಲ್ಕಲಿ' ಎಂಬ ಮಾತೂ ಬೂದಿಗೆ ಅರಬರು ಹೇಳುವ ಒಂದೇ ಪದದಿಂದ ಬಂದಿವೆ. ಲೋಕದ ವಿಜ್ಞಾನವೇ ಮಡಕೆ ಮತ್ತು ಬೂದಿಯ ಹೆಸರನ್ನು ಧಾತುಪಟ್ಟಿಯಲ್ಲಿ ಕೂರಿಸಿಕೊಂಡಿದೆ. ಷೀಲೆ, ಡೇವಿಯ ಮೇಲೆ ನನಗೆ ಜಗಳವಿಲ್ಲ. ಅವರು ಕಂಡದ್ದನ್ನು ಎಲ್ಲರಿಗೂ ಹೇಳಿದರು. ನಮ್ಮ ನೆಲದಲ್ಲಿ ನಡೆದದ್ದು ಬೇರೆ.

*

ನಮ್ಮ ನೆಲದಲ್ಲೂ ಪಾತ್ರೆ ತೊಳೆಯುವ ವಿದ್ಯೆಯನ್ನು ಬರೆದಿಟ್ಟಿದ್ದಾರೆ. ಎಲ್ಲಿ ಗೊತ್ತೇ? ಮನುಸ್ಮೃತಿಯಲ್ಲಿ.

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಆ ಪುಸ್ತಕದ 5ನೆಯ ಅಧ್ಯಾಯದಲ್ಲಿ ವಸ್ತುಶುದ್ಧಿಯ ದೊಡ್ಡ ಪಟ್ಟಿಯೇ ಇದೆ. ಬಂಗಾರ, ರತ್ನ, ಕಲ್ಲಿನ ಸಾಮಾನಿಗೆ ಬೂದಿ, ಮಣ್ಣು, ನೀರು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಕ್ಕೆ ಕ್ಷಾರ, ಹುಳಿ, ನೀರು. ರೇಷ್ಮೆ ಮತ್ತು ಉಣ್ಣೆಗೆ ಚೌಳು ಮಣ್ಣು. ಕಂಬಳಿಗೆ ಅಂಟುವಾಳ. ನಾರುಬಟ್ಟೆಗೆ ಬಿಳಿ ಸಾಸಿವೆ. ಮಣ್ಣಿನ ಪಾತ್ರೆ ಮಾತ್ರ ತೊಳೆದರೆ ಆಗದು, ಮತ್ತೆ ಬೆಂಕಿಯಲ್ಲಿ ಸುಡಬೇಕು.

ಓದಿ ನನಗೆ ದಿಗಿಲಾಯಿತು. ಇದು ನಮ್ಮಜ್ಜಿಯ ಪಟ್ಟಿ! ಬೂದಿ, ಹುಳಿ, ಅಂಟುವಾಳ, ಚೌಳು ಮಣ್ಣು. ಹಿತ್ತಾಳೆಗೆ ಹುಳಿ ಹಚ್ಚಬೇಕೆಂದು ಕಂಡುಕೊಂಡವರು ಹಿತ್ತಾಳೆ ತಿಕ್ಕಿದವರೇ ಆಗಿರಬೇಕು. ಕಂಬಳಿಗೆ ಅಂಟುವಾಳವೆಂದು ಹೇಳಿಕೊಟ್ಟವರು ಕಂಬಳಿ ಒಗೆದವರೇ ಆಗಿರಬೇಕು. ತಿಕ್ಕಿದ ಕೈ ಒಂದು, ಶ್ಲೋಕ ಕಟ್ಟಿದ ಬಾಯಿ ಇನ್ನೊಂದು. ಕೈಯ ಹೆಸರು ಅಳಿಸಿಹೋಯಿತು, ಬಾಯಿ ಧರ್ಮಶಾಸ್ತ್ರವಾಯಿತು.

ಆದರೆ ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ಪುಸ್ತಕದ 10ನೆಯ ಅಧ್ಯಾಯಕ್ಕೆ ಬನ್ನಿ. ಚಂಡಾಲರು ಊರಿನ ಹೊರಗೆ ಇರಬೇಕು. ಹೆಣದ ಬಟ್ಟೆ ಉಡಬೇಕು. ಕಬ್ಬಿಣದ ಒಡವೆ ತೊಡಬೇಕು. ಒಡೆದ ಪಾತ್ರೆಯಲ್ಲಿ ಉಣ್ಣಬೇಕು. ಅವರನ್ನು ಕರೆಯುವ ಒಂದು ಮಾತು 'ಅಪಪಾತ್ರ'. ಪಾತ್ರೆಯಿಂದ ಹೊರಗೆ ಹಾಕಲ್ಪಟ್ಟವರು. ಒಂದೇ ಪುಸ್ತಕ, ಎರಡು ಪಟ್ಟಿ. ಒಂದರಲ್ಲಿ ಎಂಥ ಲೋಹಕ್ಕೂ ಶುದ್ಧಿ ಉಂಟು. ಇನ್ನೊಂದರಲ್ಲಿ ಮನುಷ್ಯನಿಗೆ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಒಂದು ವ್ಯಾಕರಣದ ಗ್ರಂಥದಲ್ಲಿ ಇದೇ ಮಾತು ಸಿಗುತ್ತದೆ. ಕ್ರಿಸ್ತಪೂರ್ವ 2ನೆಯ ಶತಮಾನದ ಪತಂಜಲಿ, ಪಾಣಿನಿಯ ಸೂತ್ರವೊಂದನ್ನು ಬಿಡಿಸುತ್ತ, ಹೊರಗಿಡದ ಶೂದ್ರರು ಯಾರು, ಹೊರಗಿಟ್ಟವರು ಯಾರು ಎಂದು ಕೇಳಿಕೊಳ್ಳುತ್ತಾನೆ. ಅವನು ಇಟ್ಟ ಅಳತೆಗೋಲು ಪಾತ್ರೆ! ಯಾರು ಉಂಡ ಪಾತ್ರೆ ತೊಳೆದರೆ ಶುದ್ಧವಾಗುತ್ತದೋ ಅವರು ಒಳಗಿನವರು. ಬಡಗಿ, ಕಮ್ಮಾರ, ಅಗಸ, ನೇಕಾರರು ಈ ಲೆಕ್ಕಕ್ಕೆ ಬರುತ್ತಾರೆ. ಯಾರು ಉಂಡ ಪಾತ್ರೆ ಶುದ್ಧಿ ಮಾಡಿದರೂ ಶುದ್ಧವಾಗದೋ ಅವರು ಹೊರಗಿನವರು. ಅಲ್ಲಿಗೆ ಅವನು ಹೆಸರಿಸುವುದು ಚಂಡಾಲರನ್ನು, ಮೃತಪರನ್ನು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬೂದಿ, ಹುಳಿ, ನೀರು ಹಾಕಿದ ಮೇಲೆ ಪಾತ್ರೆಯಲ್ಲಿ ಉಳಿಯುವುದೇನು? ಅನ್ನದ ಅಗುಳು ಹೋಯಿತು. ಜಿಡ್ಡು ಹೋಯಿತು. ಎಂಜಲು ಹೋಯಿತು. ಕಣ್ಣಿಗೆ ಕಾಣುವ, ಕೈಗೆ ತಾಗುವ, ಮೂಗಿಗೆ ಬಡಿಯುವ ಏನೂ ಉಳಿದಿಲ್ಲ. ಆದರೂ ಪಾತ್ರೆ ಶುದ್ಧವಲ್ಲ ಎಂದರೆ ಅಲ್ಲಿ ಉಳಿದದ್ದು ವಸ್ತುವಲ್ಲ, ಹೇಳುವವನ ಮಾತು ಮಾತ್ರ. ಕೊಳೆ ಎಂಬುದು ಪಾತ್ರೆಯಲ್ಲಿದೆ, ಅದಕ್ಕೆ ಹುಣಸೆ ಉಂಟು. ಮೈಲಿಗೆ ಎಂಬುದು ಮೇಲಿನವನ ತಲೆಯಲ್ಲಿದೆ, ಅದಕ್ಕೆ ಹುಣಸೆ ಹಚ್ಚಲಾಗದು. ಎರಡು ಸಾವಿರ ವರ್ಷದಿಂದ ನಮ್ಮವರ ಮೇಲೆ ನಡೆದ ಮೋಸವೆಲ್ಲ ಈ ಎರಡು ಪದಗಳನ್ನು ಬೇಕೆಂತಲೇ ಕಲಸಿಟ್ಟದ್ದರಲ್ಲಿದೆ. ನಮ್ಮ ಕೊಟ್ಟಿಗೆಯ ತಟ್ಟೆಯ ಚರಿತ್ರೆ ಪತಂಜಲಿಯವರೆಗೆ ಹೋಗುತ್ತದೆಂದು ಅಜ್ಜಿಗೆ ಹೇಳಿದ್ದರೆ "ಯಾರಪ್ಪಾ ಅವನು, ನಮ್ಮೂರೋನಾ?" ಎಂದು ಕೇಳುತ್ತಿದ್ದಳೇನೋ.

*

ಇನ್ನು ತಂಬಿಗೆಯ ಮಾತು. ಹುಳಿ ಹಚ್ಚಬೇಕಾದರೆ ಮೊದಲು ಹಿತ್ತಾಳೆ ಇರಬೇಕಲ್ಲ? ನಮ್ಮವರ ಮನೆಯಲ್ಲಿ ಹಿತ್ತಾಳೆ ಯಾಕೆ ಇರಲಿಲ್ಲ ಎಂಬುದಕ್ಕೆ ಬಡತನ ಒಂದೇ ಉತ್ತರವಲ್ಲ.

1930ರ ಡಿಸೆಂಬರಿನಲ್ಲಿ ಮದ್ರಾಸು ಪ್ರಾಂತ್ಯದ ರಾಮನಾಡು ಜಿಲ್ಲೆಯಲ್ಲಿ ಮೇಲಿನ ಜಾತಿಯವರು ಆದಿದ್ರಾವಿಡರ ಮೇಲೆ 8 ನಿಷೇಧ ಹೇರಿದರು. ಬೆಳ್ಳಿ ಬಂಗಾರ ತೊಡಬಾರದು, ಗಂಡಸರು ಅಂಗಿ ತೊಡಬಾರದು, ಹೆಂಗಸರು ಮೈಮೇಲೆ ಬಟ್ಟೆ ಹೊದೆಯಬಾರದು, ಹೂ ಮುಡಿಯಬಾರದು, ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು. ಇವುಗಳ ನಡುವೆ ಇನ್ನೊಂದು: ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಪಾತ್ರೆ ಇಟ್ಟುಕೊಳ್ಳಬಾರದು. ಮರುವರ್ಷ, 1931ರಲ್ಲಿ, ಪಟ್ಟಿ 11ಕ್ಕೆ ಬೆಳೆಯಿತು. ಹೆಂಗಸರು ನೀರು ತರುವುದು ಮಣ್ಣಿನ ಮಡಕೆಯಲ್ಲೇ, ತಾಮ್ರ ಹಿತ್ತಾಳೆಯ ಕೊಡದಲ್ಲಿ ಕೂಡದು. ತಲೆಯ ಮೇಲೆ ಸಿಂಬಿಗೂ ಬಟ್ಟೆ ಕೂಡದು, ಹುಲ್ಲು ಮಾತ್ರ. ಮೀರಿದವರ ಗುಡಿಸಲಿಗೆ ಬೆಂಕಿ ಬಿತ್ತು.

1935ರ ನವೆಂಬರಿನಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಜಾನು ಎಂಬ ಹಳ್ಳಿಯಲ್ಲಿ, ಸ್ವಲ್ಪ ಅನುಕೂಲವಿದ್ದ ಅಸ್ಪೃಶ್ಯರ ಮನೆಯ ಹೆಂಗಸರು ಲೋಹದ ಕೊಡದಲ್ಲಿ ನೀರು ತರತೊಡಗಿದರು. ಅಷ್ಟಕ್ಕೇ ಅವರನ್ನು ಹೊಡೆದರು. ಬಾಬಾಸಾಹೇಬರು 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ' ಭಾಷಣದಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾರೆ. ಆ ಭಾಷಣ ಮಾಡಲಿಕ್ಕೆ ಅವರನ್ನು ಕರೆದವರೇ ಅದನ್ನು ಓದಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದ್ದು ನಿಮಗೆಲ್ಲ ಗೊತ್ತಿರುವ ಕಥೆ.

ಮಣ್ಣಿನ ಮಡಕೆಗೂ ಲೋಹದ ಕೊಡಕ್ಕೂ ಏನು ವ್ಯತ್ಯಾಸ? ಮಣ್ಣಿನದು ಒಡೆಯುತ್ತದೆ. ಲೋಹದ್ದು ಮಗಳಿಗೆ, ಮೊಮ್ಮಗಳಿಗೆ ಹೋಗುತ್ತದೆ. ಕಷ್ಟ ಬಂದಾಗ ಅಡ ಇಡಬಹುದು. ಅದು ಆಸ್ತಿ. ಜೊತೆಗೆ ಶಾಸ್ತ್ರದ ಪ್ರಕಾರವೇ ಲೋಹಕ್ಕೆ ಹುಳಿ ಹಚ್ಚಿದರೆ ಶುದ್ಧಿ ಉಂಟು, ಮಣ್ಣಿಗೆ ಇಲ್ಲ. ನಮ್ಮ ಕೈಗೆ ಲೋಹ ಸಿಕ್ಕಿತೆಂದರೆ ಅವರ ಪುಸ್ತಕವನ್ನೇ ಹಿಡಿದು ನಾವು ಕೇಳಬಹುದಿತ್ತು: ಇಗೋ ಹುಳಿ, ಇಗೋ ನೀರು, ತೊಳೆದಿದ್ದೇವೆ, ಈಗೇನು ಹೇಳುತ್ತೀರಿ? ಆ ಪ್ರಶ್ನೆ ಹುಟ್ಟಲೇಬಾರದೆಂದು ಕೊಡವನ್ನೇ ಕಿತ್ತುಕೊಂಡರು.

*

ಈಗ ಮಹಾಡಿಗೆ ಬರೋಣ. ಅಡುಗೆಮನೆಯ ಸಾಮಾನನ್ನು ಶುದ್ಧಿಗೆ ಬಳಸಿದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಛತ್ರಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು. 1924ರ ಜನವರಿಯಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಿತು. ಕಾಗದದ ಮೇಲೆ. ಆ ಕೆರೆಯ ನೀರನ್ನು ಮುಸಲ್ಮಾನರು ಮುಟ್ಟಬಹುದಿತ್ತು, ಕ್ರೈಸ್ತರು ಮುಟ್ಟಬಹುದಿತ್ತು, ದನಕರು ಬಾಯಿ ಹಾಕಬಹುದಿತ್ತು. ಮಹಾರರು ಮಾತ್ರ ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಸಂಜೆಯ ಹೊತ್ತಿಗೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆಂಬ ಸುಳ್ಳು ಸುದ್ದಿ ಹಬ್ಬಿಸಿ, ಊಟ ಮಾಡುತ್ತಿದ್ದವರ ಮೇಲೆ ಬಿದ್ದು ಹೊಡೆದರು.

ಆಮೇಲೆ ಶುದ್ಧಿ. 108 ಮಡಕೆಗಳ ಲೆಕ್ಕದಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿ ಕೆರೆಗೆ ಇಳಿಸಿದರು. ಮಂತ್ರ ಹೇಳಿದರು. ಕೆರೆ ಶುದ್ಧವಾಯಿತೆಂದು ಸಾರಿದರು.

ನಮ್ಮಜ್ಜಿಯನ್ನು ಅಲ್ಲಿ ನಿಲ್ಲಿಸಿದ್ದರೆ ಏನೆನ್ನುತ್ತಿದ್ದಳು? ಕುಡಿಯುವ ನೀರಿಗೆ ಸಗಣಿ ಬಿದ್ದರೆ ನಮ್ಮ ಕೇರಿಯಲ್ಲಿ ಆ ನೀರು ಚೆಲ್ಲುತ್ತಾರೆ. ಹಾಲು ಚೆಲ್ಲಿದ ನೀರು ಎರಡು ದಿನಕ್ಕೆ ನಾರುತ್ತದೆ ಎಂದು ಹಟ್ಟಿಯ ಮಗುವಿಗೂ ಗೊತ್ತು. ಬೊಗಸೆ ನೀರು ಎತ್ತಿದ ಮನುಷ್ಯರಿಂದ ಕೆರೆಗೆ ಒಂದು ತೊಟ್ಟು ಕೊಳೆಯೂ ಸೇರಿರಲಿಲ್ಲ. ಕೊಳೆ ಸೇರಿಸಿದ್ದು ಶುದ್ಧಿ ಮಾಡಿದವರು! ಹತ್ತಾರು ಜನ ಕುಡಿದು ಬೆಳೆಯಬೇಕಾಗಿದ್ದ ಹಾಲು ಮೊಸರು ಕೆರೆಗೆ ಸುರಿದವರೂ ಅವರೇ. ಕೊಳೆ ಮತ್ತು ಮೈಲಿಗೆ ಒಂದಕ್ಕೊಂದು ಎಷ್ಟು ದೂರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಹಿತ್ತಾಳೆಗೆ ಹುಳಿ, ನಮಗೆ ಒಡೆದ ಮಡಕೆ ಎಂದು ಬರೆದಿದ್ದ ಪುಸ್ತಕ ಬೂದಿಯಾಯಿತು. ಕೆರೆಯ ಮೊಕದ್ದಮೆ ಹತ್ತು ವರ್ಷ ಎಳೆಯಿತು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ಮೇಲ್ಜಾತಿಯವರ ವಾದವನ್ನು ತಳ್ಳಿಹಾಕಿತು.

ಇನ್ನೊಂದು ಮಾತು ಹೇಳಲೇಬೇಕು. 'ಅವರು ಕೊಳಕಾಗಿರುತ್ತಾರೆ, ಅದಕ್ಕೇ ದೂರ ಇಡುವುದು, ಮೊದಲು ಶುದ್ಧವಾಗಿ ಬರಲಿ' ಎಂದು ಹೇಳುವ ಸಜ್ಜನರು ಆಗಲೂ ಇದ್ದರು, ಈಗಲೂ ಇದ್ದಾರೆ. ಸ್ವಾಮಿ, ತೊಳೆಯಲಿಕ್ಕೆ ನೀರು ಬೇಕು. ಕೆರೆ ನಿಮ್ಮದು, ಬಾವಿ ನಿಮ್ಮದು, ಮೆಟ್ಟಿಲ ಕೆಳಗೆ ಕೊಡ ಇಟ್ಟುಕೊಂಡು ಯಾರಾದರೂ ಸುರಿದಾರೆಂದು ಗಂಟೆಗಟ್ಟಲೆ ಕಾಯುವವರು ನಾವು. ಊರಿನ ಕಕ್ಕಸು, ಸತ್ತ ದನ, ಮೋರಿ ಎಲ್ಲವನ್ನೂ ನಮ್ಮ ಕೈಗೆ ಕೊಟ್ಟು, ಕೈ ತೊಳೆಯುವ ನೀರನ್ನು ನೀವು ಇಟ್ಟುಕೊಂಡಿರಿ. ಇಷ್ಟರ ಮೇಲೂ ನಮ್ಮ ಹಟ್ಟಿಯ ಅಂಗಳ ಸಗಣಿಯಲ್ಲಿ ಸಾರಿಸಿ ಕನ್ನಡಿಯಂತಿರುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಮಾಚಿದೇವ, ಅಂಗಳ ಗುಡಿಸುವ ಸತ್ಯಕ್ಕ ಶರಣರಾದರು. ಅವರನ್ನು ಪೂಜೆ ಮಾಡುವ ನಾಡು ಇವತ್ತು ಒಗೆಯುವವರನ್ನೂ ಗುಡಿಸುವವರನ್ನೂ ಹೊಸಿಲ ಆಚೆಗೇ ನಿಲ್ಲಿಸಿದೆ. 1927ರ ಮಾರ್ಚಿನ ಮಹಾಡ್ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಎಂದು ನಮ್ಮವರಿಗೆ ಹೇಳಿದರು. ಅದು ಮೇಲಿನವರ ಹತ್ತಿರ ಪರ್ಮಿಷನ್ ತೆಗೆದುಕೊಳ್ಳಲಿಕ್ಕಲ್ಲ, ನಮ್ಮ ಮಾನಕ್ಕಾಗಿ.

*

1950ರ ಜನವರಿ 26ಕ್ಕೆ ಸಂವಿಧಾನ ಬಂತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿತು. ಈ ಕಾಯ್ದೆಯ 4ನೆಯ ಸೆಕ್ಷನ್ನನ್ನು ಮೇಷ್ಟ್ರುಗಳು ಒಮ್ಮೆ ತೆಗೆದು ಓದಬೇಕು. ಸಾರ್ವಜನಿಕ ಹೋಟೆಲಿನಲ್ಲಿ, ಛತ್ರದಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಪಡಗವನ್ನು ಬಳಸದಂತೆ ಯಾರನ್ನಾದರೂ ಅಸ್ಪೃಶ್ಯತೆಯ ನೆಪದಲ್ಲಿ ತಡೆಯುವುದು ಅಪರಾಧ ಎಂದು ಅಲ್ಲಿದೆ. ನನಗಂತೂ ಓದಿ ರೋಮ ನೆಟ್ಟಗಾಯಿತು. ಪತಂಜಲಿಯ ಪಾತ್ರೆಗೆ ಎರಡು ಸಾವಿರ ವರ್ಷದ ಮೇಲೆ ಸಿಕ್ಕ ಜವಾಬು ಅದು. ಕಾನೂನಿನ ಭಾಷೆಯಲ್ಲಿ, ಪಾತ್ರೆ ಎಂಬ ಮಾತನ್ನೇ ಬಳಸಿ.

ಜವಾಬು ಪುಸ್ತಕದಲ್ಲಿದೆ. ಊರಿನಲ್ಲಿ? ಟೀ ಅಂಗಡಿಯಲ್ಲಿ ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು ಹೋಗಿ ಬೇರೆ ಗಾಜಿನ ಲೋಟ ಬಂತು. ಅದನ್ನು ಕುಡಿದವನೇ ತೊಳೆದಿಡಬೇಕಿತ್ತು. ಈಗ ಅಲ್ಲಲ್ಲಿ ಪೇಪರ್ ಲೋಟ ಬಂದಿದೆ. ಅದನ್ನು ತೊಳೆಯುವ ತಂಟೆಯೇ ಇಲ್ಲ, ಬಿಸಾಕಿದರಾಯಿತು. ಎಲ್ಲರಿಗೂ ಪೇಪರ್ ಲೋಟ ಆದರೆ ಸಂತೋಷ. ನಮಗೆ ಪೇಪರು, ಅವರಿಗೆ ಸ್ಟೀಲು ಆದರೆ ಅದು ಹಳೆಯ ಚಿಪ್ಪೇ.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ, ಹುಟ್ಟುಹಬ್ಬದ ದಿನ ಒಂದು ಪುಟ್ಟ ಮಗು ಓಡಿಕೊಂಡು ದೇವಸ್ಥಾನದೊಳಗೆ ಹೋಯಿತು. ಶುದ್ಧಿಯ ಖರ್ಚೆಂದು ಅಪ್ಪನ ತಲೆಗೆ ಹಾಕಿದ್ದು 20 ಸಾವಿರಕ್ಕೂ ಮೇಲಿನ ದಂಡ. ಸುದ್ದಿ ಹೊರಬಿದ್ದ ಮೇಲೆ ಕೇಸಾಯಿತು, ಬಂಧನವಾಯಿತು. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ಕಿರುಟ್ಯಾಂಕಿನ ನಲ್ಲಿಯಲ್ಲಿ ನೀರು ಕುಡಿದಳು. ಟ್ಯಾಂಕಿನ ನೀರನ್ನೆಲ್ಲ ಖಾಲಿ ಮಾಡಿ ಗಂಜಲ ಹಾಕಿ ತೊಳೆದರೆಂದು ರಾಜ್ಯವೆಲ್ಲ ಸುದ್ದಿಯಾಯಿತು. ಪೊಲೀಸು ಕೇಸಾಯಿತು. ಆಮೇಲೆ ಅಧಿಕಾರಿಗಳು ದಲಿತರನ್ನು ಊರಿನ ಟ್ಯಾಂಕುಗಳ ಬಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿದರು. ಮಹಾಡಿಗೂ ಹೆಗ್ಗೊಠಾರಕ್ಕೂ ನಡುವೆ 95 ವರ್ಷ. ಕೆರೆ ಹೋಗಿ ಪ್ಲಾಸ್ಟಿಕ್ ಟ್ಯಾಂಕು ಬಂದಿದೆ. ಗಂಜಲ ಹಾಗೇ ಇದೆ.

ಪೇಟೆಯಲ್ಲಿ ಇನ್ನೊಂದು ಬಗೆ. ನಮ್ಮ ಚಿಕ್ಕವ್ವ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ದಿನಕ್ಕೆ 4 ಮನೆಯ ಪಾತ್ರೆ ತಿಕ್ಕುತ್ತಾಳೆ. ಆ ಮನೆಗಳ ಒಂದೊಂದು ಚಮಚವೂ ಅವಳ ಬೆರಳ ಸಂದಿಯಲ್ಲಿ ಹಾದು ಅಡುಗೆಮನೆಯ ಕಪಾಟು ಸೇರುತ್ತದೆ. ಅವಳಿಗೆ ಟೀ ಕೊಡುವ ಲೋಟ ಮಾತ್ರ ಸಿಂಕಿನ ಕೆಳಗೆ, ಬೇರೆ. ಹುಣಸೆ ಬಿಡಿಸಿದ ಅಜ್ಜಿ, ಲೋಟ ತೊಳೆದ ಚಿಕ್ಕವ್ವ. ನಡುವೆ ಎರಡು ತಲೆಮಾರು, ಒಂದು ಸಂವಿಧಾನ.

ಈಚೆಗೆ ಇನ್ನೊಂದು ತಮಾಷೆ ನೋಡುತ್ತಿದ್ದೇನೆ. ಒಲೆಬೂದಿಗೆ ಚಂದದ ಚೀಟಿ ಅಂಟಿಸಿ ಪೊಟ್ಟಣದಲ್ಲಿ ಮಾರುತ್ತಿದ್ದಾರೆ. ಪಾತ್ರೆ ಸೋಪಿನ ಮೇಲೆ ನಿಂಬೆಹಣ್ಣಿನ ಚಿತ್ರ. ಅಂಟುವಾಳದ ನೀರಿಗೆ ಬಾಟಲಿ. 'ನಮ್ಮ ಪೂರ್ವಜರ ಜ್ಞಾನ' ಎಂದು ಉಳ್ಳವರು ಹೆಮ್ಮೆಯಿಂದ ಮಾತಾಡುತ್ತಾರೆ. ಬೂದಿ, ಹುಣಸೆ, ಅಂಟುವಾಳ ಒಳ್ಳೆಯವೇ. ಕಾಸು ಬೇಡದವು. ಬಳಸೋಣ, ನಮ್ಮ ಮಕ್ಕಳಿಗೂ ಹೇಳಿಕೊಡೋಣ. ಆದರೆ ಯಾರ ಪೂರ್ವಜರು ಎಂದು ಕೇಳುವ ಹಕ್ಕು ನಮಗಿದೆ. ಹಿತ್ತಲಲ್ಲಿ ಕೂತು, ಸೊಂಟ ಬಗ್ಗಿಸಿ, ಬೆರಳು ಸುಲಿದುಕೊಂಡು ಆ ಜ್ಞಾನ ಕಟ್ಟಿದ ಹೆಂಗಸರ ಹೆಸರು ಯಾವ ಪೊಟ್ಟಣದ ಮೇಲೂ ಇಲ್ಲ.

*

ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಖರ್ಚಿಲ್ಲದ ಕೆಲಸ.

ನಿಮ್ಮ ತರಗತಿಗೆ ಒಂದು ಕಪ್ಪಾದ ಹಿತ್ತಾಳೆ ತಂಬಿಗೆ ತನ್ನಿ. ಸುಣ್ಣದ ಕಡ್ಡಿಯಿಂದ ಅದರ ಮೇಲೆ ಗೆರೆ ಎಳೆದು ನಾಲ್ಕು ಭಾಗ ಮಾಡಿ. ನಾಲ್ಕು ಕೇರಿಯ ನಾಲ್ಕು ಮಕ್ಕಳನ್ನು ಕರೆಯಿರಿ. ಒಂದೇ ಗುಪ್ಪೆಯ ಹುಣಸೆ, ಒಂದೇ ಚಿಟಿಕೆ ಉಪ್ಪು ಕೊಟ್ಟು ಒಬ್ಬೊಬ್ಬರೂ ಒಂದೊಂದು ಭಾಗ ಉಜ್ಜಲಿ. ತೊಳೆದ ಮೇಲೆ ಯಾವ ಭಾಗ ಯಾರು ಉಜ್ಜಿದ್ದೆಂದು ಮಿಕ್ಕ ಮಕ್ಕಳಿಗೆ ಹೇಳಲು ಹೇಳಿ.

ಆಮೇಲೆ ಅರಿಶಿನ ಕಲಸಿದ ನೀರಿನಲ್ಲಿ ಕಾಗದದ ಚೂರುಗಳನ್ನು ಅದ್ದಿ ಒಣಗಿಸಿ. ಬೂದಿ ನೆನೆಸಿ ತಿಳಿ ತೆಗೆದ ನೀರಿನ ಒಂದು ಹನಿ ಬಿಟ್ಟರೆ ಕಾಗದ ಕೆಂಪಗಾಗುತ್ತದೆ. ಅದರ ಮೇಲೆ ಹುಣಸೆರಸ ಬಿಟ್ಟರೆ ಮತ್ತೆ ಹಳದಿ. ಕ್ಷಾರ ಯಾವುದು, ಹುಳಿ ಯಾವುದು ಎಂದು ಅರಿಶಿನ ಸುಳ್ಳು ಹೇಳದೆ ತೋರಿಸುತ್ತದೆ. ಇನ್ನು ಒಂದು ಬೋಗುಣಿಯಲ್ಲಿ ಕುಡಿಯುವ ನೀರಿಟ್ಟು, ತರಗತಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ತೊಳೆದ ಬೆರಳು ಅದ್ದಲಿ. ಪ್ರತಿಯೊಬ್ಬರ ಸರದಿ ಆದಮೇಲೂ ಒಂದು ಹಳದಿ ಕಾಗದ ಮುಳುಗಿಸಿ ನೋಡಲಿ. ಅದು ಹಳದಿಯಾಗಿಯೇ ಇರುತ್ತದೆ. ಯಾಕೆ ಎಂದು ಮಕ್ಕಳೇ ಹೇಳಲಿ. ನೀವು ಸುಮ್ಮನಿರಿ.

ಇದು 7ನೆಯ ಕ್ಲಾಸಿನ ವಿಜ್ಞಾನ ಪಾಠ. ಯಾವ ಇನ್ಸ್‌ಪೆಕ್ಟರೂ ತಕರಾರು ಮಾಡುವಂತಿಲ್ಲ. ಮಾಡಿದರೆ ಅವನ ಕೈಗೂ ಒಂದು ಹಳದಿ ಕಾಗದ ಕೊಡಿ.

ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ತಂಬಿಗೆ ಈಗ ನನ್ನ ರೂಮಿನಲ್ಲಿದೆ. ಹೋದ ತಿಂಗಳು ಗೆಳೆಯರೆಲ್ಲ ಬಂದಿದ್ದರು. ಎಲ್ಲ ಜಾತಿಯವರೂ ಇದ್ದರು. ಬಿಸಿಲಲ್ಲಿ ಬಂದವರಿಗೆ ಅದರಲ್ಲೇ ನೀರು ಕೊಟ್ಟೆ. ಒಬ್ಬ, ನಮಗಿಂತ ಮೇಲಿನ ಜಾತಿಯವನು, ಎತ್ತಿ ಕುಡಿಯದೆ ಕಚ್ಚಿ ಕುಡಿದು ಪಕ್ಕದವನಿಗೆ ದಾಟಿಸಿದ. ಅವನಿಗೆ ಅದು ದೊಡ್ಡ ಮಾತಲ್ಲ, ಗಮನಕ್ಕೂ ಬಂದಿರಲಿಕ್ಕಿಲ್ಲ. ನಾನು ಮಾತ್ರ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರೆಲ್ಲ ಹೋದ ಮೇಲೆ ಹುಣಸೆಹಣ್ಣು ನೆನೆಸಿ ತಂಬಿಗೆ ಬೆಳಗಿದೆ. ಬೆರಳ ಸಂದಿಯಲ್ಲಿ ಹುಳಿ ಉರಿಯಿತು.